ಹೆಡ್ಡು ತೊಳೆದ ತಿಪ್ಪೇಶಿ

ಪೆದ್ದರಲ್ಲಿ ಎರಡು ಜಾತಿ. ಹೇಳಿದ್ದು ಕೇಳದವನು ಒಬ್ಬ. ಅವನಿಂದ ಊರಿಗೆ ಅಷ್ಟೇನೂ ಕೇಡಿಲ್ಲ, ಅವನಷ್ಟಕ್ಕೆ ಅವನು ಯಾವುದೋ ಕಟ್ಟೆ ಮೇಲೆ ಬಿದ್ದಿರುತ್ತಾನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಇನ್ನೊಬ್ಬ. ಇವನ ಮುಂದೆ ಮಾತ್ರ ಬಾಯಿ ಬಿಡುವ ಮೊದಲು ಯೋಚನೆ ಮಾಡಬೇಕು. ಹೊಳಲ್ಕೆರೆಯ ತಿಪ್ಪೇಶಿ ಈ ಎರಡನೇ ಜಾತಿಯವನು. ಅವನ ಕತೆ ಕೇಳೋಕೆ ಪುರುಸೊತ್ತಿದ್ದರೆ ಕೂತ್ಕೊಳ್ಳಿ, ಹೇಳ್ತೀನಿ.

ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿ ಇಟ್ಟವನು ತಿಪ್ಪೇಶಿಯ ಅಪ್ಪ ಚನ್ನವೀರಪ್ಪ. ಅವನು ಸತ್ತ ಮೇಲೆ ಅಂಗಡಿ ಮುಚ್ಚುತ್ತದೆ ಅಂತ ಊರೆಲ್ಲ ಅಂದುಕೊಂಡಿತ್ತು. ಮುಚ್ಚಲಿಲ್ಲ. ಅವನ ಹೆಂಡತಿ ಹಾಲಮ್ಮ ಗಂಡನ ಪಕ್ಕದಲ್ಲಿ ಕೂತು ಕೂತು ಕೆಲಸ ಕಲಿತುಬಿಟ್ಟಿದ್ದಳು. ಹಳೇ ರೇಡಿಯೋ, ಗ್ರಾಮಫೋನು, ಟೇಪ್ ರೆಕಾರ್ಡರು, ಭಜನೆ ಮನೆಯ ಆಂಪ್ಲಿಫೈಯರು, ಏನು ತಂದಿಟ್ಟರೂ ಕಿವಿಗೊಟ್ಟು ಕೇಳಿ, "ಇದಕ್ಕೆ ಇಂಥಾದ್ದಾಗಿದೆ" ಅನ್ನುತ್ತಿದ್ದಳು. ಬೇರೆ ಅಂಗಡಿಯವರು "ಗುಜರಿಗೆ ಹಾಕಿ ಹೋಗಿ" ಅಂದು ಕಳಿಸಿದ ಸೆಟ್ಟುಗಳನ್ನು ಹೊಸದುರ್ಗ, ಚಿತ್ರದುರ್ಗದಿಂದ ಜನ ಹೊತ್ತು ತಂದು ಇವಳ ಮುಂದೆ ಇಡುತ್ತಿದ್ದರು.

ಎಲ್ಲ ಸರಿಯಾಗಿತ್ತು, ಕಣ್ಣು ಕೈ ಕೊಟ್ಟಿತು. ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣಿಗೆ ಪೊರೆ ಬಂತು. ಕಿವಿಗೆ ಗೊತ್ತಾಗುತ್ತದೆ, ಕೈಗೆ ಗೊತ್ತಿದೆ, ಕಣ್ಣಿಗೆ ಮಾತ್ರ ಸಣ್ಣ ತಂತಿ ಕಾಣುವುದಿಲ್ಲ. ಆಗ ಮಗನನ್ನು ಕರೆದಳು. ಮಗನಿಗೆ ಮೂವತ್ತು ದಾಟಿತ್ತು. ಅಕ್ಕಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಮೈಕಟ್ಟು. ಕತ್ತಿನ ಕೆಳಗೆ ಎಲ್ಲ ಚೆನ್ನಾಗಿತ್ತು.

"ಲೋ ತಿಪ್ಪೇಶಿ, ಇನ್ಮೇಲೆ ನಾನು ಹೇಳ್ತೀನಿ, ನೀನು ಮಾಡು. ಹೇಳಿದ್ದನ್ನ ಹೇಳಿದ ಹಾಗೇ ಮಾಡು. ನಿನ್ನ ತಲೆ ಮಾತ್ರ ಓಡಿಸಬೇಡ."

"ಆಯ್ತವ್ವ," ಅಂದ ತಿಪ್ಪೇಶಿ. ಅವನಿಗೆ ಸಿಕ್ಕ ಮಾತುಗಳಲ್ಲೆಲ್ಲ ಇದು ಬಹಳ ಸುಲಭದ ಮಾತು.

ಮೊದಲು ಬಂದವರು ಬಟ್ಟೆ ಅಂಗಡಿ ಪಾಪಣ್ಣ ಶೆಟ್ಟರು. ಅವರ ರೆಕಾರ್ಡ್ ಪ್ಲೇಯರಿನ ದನಿ ಸಣ್ಣಗಾಗಿತ್ತು. ಹಾಲಮ್ಮ ಕೇಳಿದಳು, ಸೂಜಿ ಸವೆದಿದೆ ಅಂದಳು. ಹಾಡಿನ ಪ್ಲೇಟಿನ ಮೇಲೆ ಓಡುತ್ತದಲ್ಲ, ಅಕ್ಕಿ ನುಚ್ಚಿನಷ್ಟು ಸೂಜಿ, ಅದು.

"ಹೊಸ ಸೂಜಿ ಹಾಕೋ," ಅಂತ ಮಗನಿಗೆ ಹೇಳಿ ಒಲೆ ಮೇಲಿನ ಸಾರು ನೋಡೋಕೆ ಒಳಗೆ ಹೋದಳು.

ತಿಪ್ಪೇಶಿ ಸೀದಾ ಹೋದದ್ದು ಗೋಣಿಚೀಲ ಹೊಲಿಯುವವನ ಹತ್ತಿರ. ಬಟ್ಟೆ ಹೊಲಿಯುವ ಸೂಜಿ ಸಾಲದು ಅಂತ ಅನ್ನಿಸಿತ್ತು ಅವನಿಗೆ, ಶೆಟ್ಟರು ಸೌಂಡು ಜೋರಾಗಿ ಬರಬೇಕು ಅಂದಿದ್ದರಲ್ಲ. ಅದಕ್ಕೇ ಬೆರಳುದ್ದದ ದಬ್ಬಣ ತಂದ. ದಾರವನ್ನೂ ಪೋಣಿಸಿದ. ಅದೇ ದಾರದಲ್ಲಿ ದಬ್ಬಣವನ್ನು ಪ್ಲೇಯರಿನ ಕೈಗೆ ಬಿಗಿದು ಕಟ್ಟಿ, ಶೆಟ್ಟರ ಎದುರಿಗೇ ಪ್ಲೇಟಿನ ಮೇಲೆ ಇಳಿಸಿದ. ಪ್ಲೇಟು ತಿರುಗಿತು. ಅಂಚಿನಿಂದ ನಡುವಿನವರೆಗೆ ಕರ್ರ್ ಅಂತ ಒಂದು ಸಾಲು ಬಿತ್ತು.

"ಹಾಲಮ್ಮ, ಇಲ್ಲಿ ರಿಪೇರಿ ಮಾಡ್ತೀರೋ ಉಳುಮೆ ಮಾಡ್ತೀರೋ?" ಅಂದರು ಶೆಟ್ಟರು.

ಹಾಲಮ್ಮ ಓಡಿ ಬಂದು ಕೈಯಿಂದ ಮುಟ್ಟಿ ನೋಡಿದಳು. ದಬ್ಬಣ ಸಿಕ್ಕಿತು.

"ಇದೇನೋ ಇದು?"

"ಸೂಜಿ. ನೀನು ಹೇಳಿದ ಹಾಗೇ ಮಾಡಿದೆನಲ್ಲವ್ವ."

"ಸೂಜಿ ಅಂದ್ರೆ ಗೋಣಿ ಸೂಜಿನೇನೋ ಮಂಕೆ? ನಿಂಗೆ ಸಾಮಾನಿನ ಗುರುತು ಗೊತ್ತಿಲ್ಲ ಅಂದ್ಮೇಲೆ ಹಳೇದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಹೋಗಬೇಕು. ಅಂಗಡಿಯವನಿಗೆ ತೋರಿಸಿ, ಇದೇ ತರದ್ದು ಕೊಡು ಅಂತ ಕೇಳಿ ತರಬೇಕು. ತಿಳೀತಾ?"

"ತಿಳೀತವ್ವ."

ಶೆಟ್ಟರು ಪ್ಲೇಯರನ್ನು ಕಂಕುಳಲ್ಲಿ ಇರುಕಿಕೊಂಡು ಹೋದರು. ಮತ್ತೆ ಆ ಕಡೆ ಬರಲಿಲ್ಲ.

ಆಮೇಲೆ ಬಂದದ್ದು ಬಡಗಿ ಗಫಾರ್ ಸಾಬರ ರೇಡಿಯೋ. ಹಳೇ ಕಾಲದ ದೊಡ್ಡ ಮರದ ಪೆಟ್ಟಿಗೆ. ಒಳಗೆ ಬಲ್ಬಿನ ಹಾಗಿರುವ ಗಾಜಿನ ವಾಲ್ವುಗಳು. ಅವು ಕೆಂಪಗೆ ಉರಿದರೆ ರೇಡಿಯೋ ಮಾತಾಡುತ್ತದೆ, ಸುಟ್ಟು ಹೋದರೆ ಬಾಯಿ ಮುಚ್ಚುತ್ತದೆ. ಹಾಲಮ್ಮ ಒಂದೊಂದನ್ನೇ ಮುಟ್ಟಿ, ತಣ್ಣಗಿದ್ದದ್ದನ್ನು ಕಿತ್ತು ಮಗನ ಕೈಗೆ ಕೊಟ್ಟಳು.

"ದಾವಣಗೆರೆಗೆ ಹೋಗು. ಮೊನ್ನೆ ಹೇಳಿದ್ದು ನೆನಪಿದೆ ತಾನೆ?"

"ಇದೆ. ಇದನ್ನ ತೋರಿಸಿ, ಇದೇ ತರದ್ದು ತರಬೇಕು."

ಹಾಲಮ್ಮನಿಗೆ ಎಷ್ಟೋ ಸಮಾಧಾನವಾಯಿತು. ಕಲೀತಿದ್ದಾನೆ, ನಿಧಾನಕ್ಕಾದರೂ ಕಲೀತಿದ್ದಾನೆ ಅಂತ ಬಸ್ಸಿಗೆ ಹತ್ತಿಸಿ ಬಂದಳು.

ದಾವಣಗೆರೆಯ ಅಂಗಡಿಯವನು ವಾಲ್ವಿನ ಮೇಲಿನ ನಂಬರು ನೋಡಿದ. ಒಳಗೆ ಹೋಗಿ, ಹುಡುಕಿ, ಧೂಳು ಊದಿ, ಥಳಥಳ ಹೊಳೆಯುವ ಹೊಸ ವಾಲ್ವು ತಂದು ಮುಂದಿಟ್ಟ. "ನಿನ್ನ ಅದೃಷ್ಟ ಕಣಪ್ಪ, ಇದೊಂದೇ ಉಳಿದಿತ್ತು," ಅಂದ.

ತಿಪ್ಪೇಶಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. ತಲೆ ಅಲ್ಲಾಡಿಸಿದ.

"ಇದಲ್ಲ. ನಂದು ಕಪ್ಪಗಿದೆ, ಇದು ಬೆಳ್ಳಗಿದೆ."

"ನಿಂದು ಸುಟ್ಟು ಹೋಗಿರೋದು, ಅದಕ್ಕೇ ಕಪ್ಪಗಿದೆ."

"ಅದೇ ಬೇಕು. ಅದೇ ತರದ್ದು ತಾ ಅಂದಿದ್ದಾಳೆ ನಮ್ಮವ್ವ."

"ಸುಟ್ಟಿರೋದು ತಗೊಂಡು ಏನು ಮಾಡ್ತೀಯಪ್ಪ?"

"ಅದೆಲ್ಲ ನಂಗೊತ್ತಿಲ್ಲ. ಒಳಗಿನ ತಂತಿನೂ ನೋಡು, ನಂದು ತುಂಡಾಗಿದೆ. ನಿಂದು ತುಂಡಾಗಿಲ್ಲ. ಅಳ್ಳಾಡಿಸಿದ್ರೆ ಗಿಲಿಗಿಲಿ ಅನ್ನಬೇಕು."

ಅಂಗಡಿಯವನು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಮೂಲೆಯಲ್ಲಿದ್ದ ಕಸದ ಡಬ್ಬಿ ಮಗುಚಿ, ಅದರೊಳಗಿಂದ ಕರ್ರಗೆ ಸುಟ್ಟ ಒಂದು ವಾಲ್ವು ಆರಿಸಿ ಕೊಟ್ಟ. ತಿಪ್ಪೇಶಿ ಕಿವಿಯ ಹತ್ತಿರ ಹಿಡಿದು ಅಳ್ಳಾಡಿಸಿದ. ಗಿಲಿಗಿಲಿ ಅಂದಿತು. ಖುಷಿಯಾಗಿ ಟವೆಲ್ಲಿನಲ್ಲಿ ಸುತ್ತಿಕೊಂಡು ಊರಿಗೆ ಬಂದ.

ಹಾಲಮ್ಮ ಅದನ್ನು ರೇಡಿಯೋಗೆ ಹಾಕಿದಳು. ರೇಡಿಯೋ ಉಸಿರೆತ್ತಲಿಲ್ಲ. ಕಿತ್ತು ಅಳ್ಳಾಡಿಸಿ ನೋಡಿ ಹಣೆ ಚಚ್ಚಿಕೊಂಡಳು.

"ಸತ್ತಿದ್ದಕ್ಕೆ ಬದಲು ಸತ್ತಿದ್ದನ್ನೇ ತಂದಿದ್ದೀಯಲ್ಲೋ."

"ನೀನು ಹೇಳಿದ ಹಾಗೇ ಮಾಡಿದೆನಲ್ಲವ್ವ. ಹೊಸದು ಕೊಡೋಕೆ ಬಂದ, ನಾನು ಬಿಡಲಿಲ್ಲ."

"ಹೊಸದು ಕೊಟ್ಟಿದ್ನಾ?"

"ಕೊಟ್ಟ. ನಾನು ಮೋಸ ಹೋಗಲಿಲ್ಲ."

ಹಾಲಮ್ಮ ಗೋಡೆಗೆ ಒರಗಿ ಕೂತಳು. ಮಾರನೇ ದಿನ ಯಾರನ್ನೋ ಕಳಿಸಿ ಕೇಳಿಸಿದರೆ, ಆ ಒಂದೇ ಒಂದು ಹೊಸ ವಾಲ್ವನ್ನು ಹರಿಹರದವನು ಯಾರೋ ಕೊಂಡುಹೋಗಿದ್ದ. ಗಫಾರ್ ಸಾಬರು ಬಾಯಿಲ್ಲದ ರೇಡಿಯೋವನ್ನು ಮನೆಗೆ ಹೊತ್ತುಕೊಂಡು ಹೋಗಿ, ಅದರೊಳಗೆ ಮಸಾಲೆ ಡಬ್ಬಿ ಇಡೋಕೆ ಕಪಾಟು ಮಾಡಿಕೊಂಡರು ಅಂತ ಆಮೇಲೆ ಸುದ್ದಿ ಬಂತು.

"ನೋಡೋ," ಅಂದಳು ಹಾಲಮ್ಮ, ಅವತ್ತು ಊಟಕ್ಕೆ ಬಡಿಸುತ್ತ. "ಕಪ್ಪು ಹಿಡೀತು ಅಂದ್ರೆ ಕೆಟ್ಟಿತು ಅಂತ ಅರ್ಥ. ಈ ಅಂಗಡಿಯಲ್ಲಿ ಏನೇ ಕಪ್ಪು ಹಿಡಿದಿದ್ದು ಕಂಡ್ರೂ ಸುಮ್ನೆ ಇಟ್ಕೋಬೇಡ. ಉಜ್ಜಿ ಬೆಳ್ಳಗೆ ಮಾಡು."

"ಆಯ್ತವ್ವ," ಅಂದ ಮಗ, ಇನ್ನೊಂದು ಮುದ್ದೆ ಹಾಕಿಸಿಕೊಂಡು.

ಆ ವಾರವೇ ಕಲ್ಯಾಣಮ್ಮ ಬಂದಳು. ವಯಸ್ಸಿನಲ್ಲಿ ನಾಟಕ ಕಂಪನಿಯಲ್ಲಿ ರಾಣಿ ಪಾರ್ಟು ಮಾಡುತ್ತಿದ್ದವಳು. ಈಗ ಗಂಟಲು ಹೋಗಿ, ಮಾತೂ ಪಿಸುಪಿಸು. ಗ್ರಾಮಫೋನು ತಿರುಗುವುದಿಲ್ಲ ಅಂತ ತಂದಿದ್ದಳು, ಜತೆಗೆ ಬಟ್ಟೆಯಲ್ಲಿ ಸುತ್ತಿದ ಪ್ಲೇಟುಗಳು.

"ಇದರಲ್ಲಿ ಎರಡು ಪ್ಲೇಟು ನಂದು ಹಾಲಮ್ಮ. ಕಂಪನಿ ಬೆಂಗಳೂರಿಗೆ ಹೋಗಿದ್ದಾಗ ಹಾಡಿಸಿದ್ದು. ಗ್ರಾಮಫೋನು ತಿರುಗಿದ ಮೇಲೆ ಹಾಕಿ ನೋಡಿ. ನಾನು ಹೆಂಗೆ ಹಾಡ್ತಿದ್ದೆ ಅಂತ ಮೊಮ್ಮಗಳಿಗೆ ಕೇಳಿಸಬೇಕು."

"ಬಿಟ್ಟು ಹೋಗಕ್ಕ, ಸಂಜೆಗೆ ಬಾ. ಸ್ಪ್ರಿಂಗ್ ಸಿಕ್ಕಿಕೊಂಡಿದೆ ಅಷ್ಟೆ."

ಹಾಲಮ್ಮ ಸ್ಪ್ರಿಂಗಿನ ಜತೆ ಗುದ್ದಾಡುತ್ತ ಕೂತಳು. ತಿಪ್ಪೇಶಿ ಬಟ್ಟೆ ಬಿಚ್ಚಿ ನೋಡಿದ. ಪ್ಲೇಟುಗಳು. ಒಂದೊಂದೂ ಕರ್ರಗೆ. ಈ ಕಡೆಯೂ ಕಪ್ಪು, ತಿರುವಿ ಹಾಕಿದರೆ ಆ ಕಡೆಯೂ ಕಪ್ಪು. ಎಷ್ಟು ಕಾಲದಿಂದ ತೊಳೆದಿಲ್ಲವೋ ಏನೋ ಅಂತ ಮರುಗಿ, ಹಿತ್ತಲಿಗೆ ಹೊತ್ತುಕೊಂಡು ಹೋದ. ಒಲೆ ಬೂದಿ ತಂದ, ಹುಣಸೆಹಣ್ಣು ತಂದ, ತೆಂಗಿನ ಜುಂಗು ತಂದ. ಅವ್ವ ಒಳಗಿನಿಂದ ಕೇಳಿದಳು:

"ಏನು ಮಾಡ್ತಿದ್ದೀಯೋ ಹಿತ್ತಲಲ್ಲಿ?"

"ಪ್ಲೇಟು ತೊಳೀತಿದ್ದೀನವ್ವ."

ಊಟದ ತಟ್ಟೆ ಅಂದುಕೊಂಡಳು ಹಾಲಮ್ಮ. "ಚೆನ್ನಾಗಿ ತೊಳಿ, ಜಿಡ್ಡು ಹೋಗಬೇಕು," ಅಂದಳು.

ಜಿಡ್ಡು ಹೋಯಿತು. ಬೂದಿಯಲ್ಲಿ ಉಜ್ಜಿ ಉಜ್ಜಿ, ಕಪ್ಪು ಹೋಗದಿದ್ದಾಗ ಇಟ್ಟಿಗೆ ಪುಡಿ ಹಾಕಿ ಉಜ್ಜಿದ. ಸಂಜೆ ಕಲ್ಯಾಣಮ್ಮ ಬರುವ ಹೊತ್ತಿಗೆ ಪ್ಲೇಟುಗಳೆಲ್ಲ ಬೂದುಬಣ್ಣಕ್ಕೆ ತಿರುಗಿ ಹಿತ್ತಲ ಗೋಡೆಗೆ ಒರಗಿ ಒಣಗುತ್ತಿದ್ದವು. ಗ್ರಾಮಫೋನು ಚೆನ್ನಾಗಿ ತಿರುಗಿತು. ಸೂಜಿ ಇಳಿಸಿದರೆ ಬಾಣಲೆಯಲ್ಲಿ ಒಗ್ಗರಣೆ ಹಾಕಿದ ಸದ್ದು. ಅದರೊಳಗೆ ಎಲ್ಲೋ ಬಹಳ ಕೆಳಗೆ ಒಂದು ಹೆಣ್ಣು ದನಿ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು.

ಕಲ್ಯಾಣಮ್ಮ ಕೊನೆಯವರೆಗೂ ಕೂತು ಕೇಳಿದಳು. ಎದ್ದು ಪ್ಲೇಟನ್ನು ಸೆರಗಿನಲ್ಲಿ ಒರೆಸಿದಳು.

"ಗಂಟಲಲ್ಲಿ ಇದ್ದದ್ದು ಯಾವಾಗಲೋ ಹೋಗಿತ್ತು. ಇದರಲ್ಲಿ ಒಂಚೂರು ಉಳಿದಿತ್ತು," ಅಂತ ಮಾತ್ರ ಅಂದಳು.

ಹಾಲಮ್ಮ ಅವತ್ತು ಅತ್ತಳು. ಅಳುತ್ತಲೇ ಬೈದಳು, ಬೈಯುತ್ತಲೇ ಅತ್ತಳು. ತಿಪ್ಪೇಶಿ, "ನೀನು ಹೇಳಿದ ಹಾಗೇ ಮಾಡಿದೆನಲ್ಲವ್ವ, ಇನ್ನೊಂದು ಚೂರು ಉಜ್ಜಿದ್ರೆ ಪೂರ್ತಿ ಬೆಳ್ಳಗಾಗ್ತಿತ್ತು," ಅಂದ. ಅವನ ಮುಖದಲ್ಲಿ ಒಂದು ತಪ್ಪಿನ ಗೆರೆ ಇದ್ದಿದ್ದರೆ ಹೇಳಿ. ಕೈ ಎಲ್ಲ ಕೆಂಪಗಾಗಿದೆ ನೋಡು ಅಂತ ಅವ್ವನಿಗೆ ತೋರಿಸೋಕೆ ಬೇರೆ ಹೋದ.

"ಹಳೇ ಸಾಮಾನು ಅಂದ್ರೆ ಕೂಸಿದ್ದ ಹಾಗೆ ಕಣೋ ಪಾಪಿ. ಕೂಸನ್ನ ಇಟ್ಟಿಗೆ ಪುಡಿ ಹಾಕಿ ಉಜ್ಜುತ್ತಾರಾ? ಮೆತ್ತಗೆ ಎತ್ತಬೇಕು, ಮೆತ್ತಗೆ ಇಳಿಸಬೇಕು. ಬೆಚ್ಚಗೆ ಹೊದಿಸಿ ಇಡಬೇಕು. ಅಷ್ಟು ಮಾಡು ಸಾಕು."

"ಕೂಸಿದ್ದ ಹಾಗೆ," ಅಂತ ತಿಪ್ಪೇಶಿ ಬಾಯಲ್ಲಿ ಹೇಳಿಕೊಂಡ.

ಭಜನೆ ಮಂಡಳಿಯ ಆಂಪ್ಲಿಫೈಯರು ಬಂದಾಗ ಅದನ್ನು ಗಾಡಿಯಿಂದ ಇಳಿಸಿಕೊಂಡವನು ಅವನೇ. ಎರಡು ಕೈಯಲ್ಲಿ ಎದೆಗೆ ಅವಚಿಕೊಂಡು, ಹೆಜ್ಜೆ ಸದ್ದಾಗದ ಹಾಗೆ ತಂದು ಮೇಜಿನ ಮೇಲೆ ಮಲಗಿಸಿದ. ಮಂಡಳಿಯವರು ನೋಡಿ, ಪರವಾಗಿಲ್ಲ, ಹಾಲಮ್ಮನ ಮಗ ಜೋಪಾನದವನು ಅಂದುಕೊಂಡರು. ಹಾಲಮ್ಮ ಸಡಿಲಾಗಿದ್ದ ದಪ್ಪ ತಂತಿಯನ್ನು ಕೈಯಲ್ಲೇ ತಡವಿ ಹುಡುಕಿ ಬೆಸುಗೆ ಹಾಕಿ ಕರೆಂಟು ಕೊಟ್ಟಳು. ಸದ್ದು ಬಂತು.

"ಮಧ್ಯಾಹ್ನದ ತನಕ ಹೀಗೇ ಉರೀತಾ ಇರಲಿ, ನಿಲ್ಲುತ್ತೋ ಇಲ್ಲವೋ ನೋಡೋಣ," ಅಂದು ಕಣ್ಣಿನ ಡಾಕ್ಟರ ಹತ್ತಿರ ಹೋದಳು.

ಹಳೇ ಆಂಪ್ಲಿಫೈಯರು ಉರಿಯುತ್ತಿದ್ದರೆ ಗುಂಯ್ ಅನ್ನುತ್ತದೆ, ಅದು ಅದರ ಸ್ವಭಾವ. ತಿಪ್ಪೇಶಿಗೆ ಅದು ಕೂಸು ಅತ್ತ ಹಾಗೆ ಕೇಳಿಸಿತು. ಮುಟ್ಟಿ ನೋಡಿದ, ಮೈ ಬಿಸಿ. ಕೂಸಿಗೆ ಜ್ವರ ಅಂತ ಗಾಬರಿಯಾಗಿ ಒಳಗಿಂದ ಅಪ್ಪನ ಕಾಲದ ಕಂಬಳಿ ತಂದು ಹೊದಿಸಿದ. ಇನ್ನೂ ಬಿಸಿಯಾಯಿತು. ಮೇಲೆ ಅವ್ವನ ಕೌದಿ ಹೊದಿಸಿದ. ಹಾಲು ಕುಡಿಸೋಕೂ ಒಂದು ಲೋಟ ತಂದಿದ್ದ, ಬಾಯಿ ಯಾವ ಕಡೆ ಇದೆ ಅಂತ ಗೊತ್ತಾಗದೆ ತಾನೇ ಕುಡಿದ. ಆಮೇಲೆ ಮೇಜನ್ನು ತೂಗುತ್ತ ಜೋಜೋ ಅನ್ನುತ್ತ ಕೂತ.

ಕೂಸು ಮಲಗಿತು. ಗುಂಯ್ ನಿಂತಿತು. ಕೌದಿಯ ಸಂದಿಯಿಂದ ಹೊಗೆ ಬಂತು.

ಹಾಲಮ್ಮ ಬೀದಿಯ ತುದಿಯಲ್ಲೇ ವಾಸನೆ ಹಿಡಿದಳು. ಬರುವಷ್ಟರಲ್ಲಿ ಪಕ್ಕದಂಗಡಿಯವರು ಕರೆಂಟು ತೆಗೆದು, ಕಂಬಳಿಯನ್ನು ಬೀದಿಗೆ ಎಸೆದು, ಆಂಪ್ಲಿಫೈಯರಿನ ಮೇಲೆ ಮರಳು ಸುರಿದಿದ್ದರು. ತಿಪ್ಪೇಶಿ, "ಸ್ವಲ್ಪ ಮೆತ್ತಗೆ, ಈಗ ತಾನೆ ಕಣ್ಣು ಮುಚ್ಚಿದೆ," ಅನ್ನುತ್ತ ಅವರ ಕೈ ಹಿಡಿದುಕೊಳ್ಳುತ್ತಿದ್ದ.

"ಬಿಸಿ ಆಗಿರೋದಕ್ಕೆ ಹೊದಿಸ್ತಾರೇನೋ?" ಹಾಲಮ್ಮನ ದನಿಯಲ್ಲಿ ಬೈಯುವ ಶಕ್ತಿಯೂ ಉಳಿದಿರಲಿಲ್ಲ. "ಬಿಸಿ ಆಯ್ತು ಅಂದ್ರೆ ಮೈ ಮೇಲಿರೋದನ್ನೆಲ್ಲ ಬಿಚ್ಚಿ ಗಾಳಿಗೆ ಇಡಬೇಕು. ತಣ್ಣಗಾಗೋ ತನಕ ಅಲ್ಲೇ ಬಿಡಬೇಕು. ಇದೊಂದು ಮಾತಾದ್ರೂ ತಲೆಯಲ್ಲಿ ಇಟ್ಕೋ."

"ಬಿಚ್ಚಿ ಗಾಳಿಗೆ ಇಡಬೇಕು," ಅಂದ ತಿಪ್ಪೇಶಿ.

ಇಷ್ಟಾದ ಮೇಲೆ ಯಾರು ತಾನೆ ಆ ಅಂಗಡಿಗೆ ಸಾಮಾನು ಕೊಡುತ್ತಾರೆ? ಇಟ್ಟವರೂ ಬಂದು ವಾಪಸು ಒಯ್ದರು. ಕಪಾಟು ಖಾಲಿಯಾಯಿತು. ಡಾಕ್ಟರು ಹಾಲಮ್ಮನ ಎಡಗಣ್ಣಿನ ಆಪರೇಷನ್ ಮಾಡಿ ಪಟ್ಟಿ ಕಟ್ಟಿ ಕಳಿಸಿದರು. ಬಲಗಣ್ಣು ಮೊದಲೇ ಇಲ್ಲ, ಎಡಗಣ್ಣಿಗೆ ಪಟ್ಟಿ. ಪರದೆಯ ಆಚೆ ಮಂಚದ ಮೇಲೆ ಮಲಗಿ, ಗಂಡನ ಅಂಗಡಿ ತನ್ನ ಕಾಲದಲ್ಲೇ ಮುಚ್ಚಿಹೋಗುತ್ತದಲ್ಲ ಅಂತ ಕೊರಗುತ್ತಿದ್ದಳು.

ಆಗ ಬಂದರು ಹೆಡ್‌ಮೇಷ್ಟ್ರು ನಂಜುಂಡಾರಾಧ್ಯರು. ಊರಿನ ಸ್ಕೂಲಿನಲ್ಲಿ ಬಹಳ ಕಾಲ ಇದ್ದು ರಿಟೈರಾಗಿ ಶಿವಮೊಗ್ಗಕ್ಕೆ ಮಗಳ ಮನೆಗೆ ಹೋದವರು. ಊರಲ್ಲಿ ಅವರಿಗೆ ಹೆಸರಿಲ್ಲ. ಹೆಡ್ಡು ಬಂದ್ರು, ಹೆಡ್ಡು ಹೋದ್ರು, ಅಷ್ಟೇ. ಸ್ಕೂಲಿನವರು ಮಾರನೇ ದಿನ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸನ್ಮಾನದಲ್ಲಿ ತಮ್ಮ ಬೀಳ್ಕೊಡುಗೆ ದಿನದ ಭಾಷಣವನ್ನು ಎಲ್ಲರಿಗೂ ಕೇಳಿಸಬೇಕು ಅಂತ ಅವರ ಆಸೆ. ಭಾಷಣ ಮಾಡಿದವರೂ ಅವರೇ, ಟೇಪು ಮಾಡಿಸಿದವರೂ ಅವರೇ, ಇಷ್ಟು ವರ್ಷ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದವರೂ ಅವರೊಬ್ಬರೇ. ಆ ಟೇಪಿನ ಜತೆ ತಮ್ಮ ದೊಡ್ಡ ಸ್ಪೂಲ್ ಟೇಪ್ ರೆಕಾರ್ಡರನ್ನು ತಂದು ಮೇಜಿನ ಮೇಲೆ ಇರಿಸಿದರು. ಪರವೂರಲ್ಲಿ ಇದ್ದವರಲ್ಲವೇ, ತಿಪ್ಪೇಶಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

"ದನಿ ಮಂಕಾಗಿದೆ ಹಾಲಮ್ಮ. ನನ್ನ ದನಿ ಹಾಗಿಲ್ಲ, ನಿಮಗೇ ಗೊತ್ತು," ಅಂದರು.

"ಕೂತ್ಕೊಳ್ಳಿ ಸಾರ್, ಈಗಲೇ ಮಾಡಿಸಿಕೊಡ್ತೀನಿ," ಅಂದಳು ಹಾಲಮ್ಮ ಒಳಗಿನಿಂದ.

ಹೆಡ್‌ಮೇಷ್ಟ್ರು ಅಂಗಡಿಯ ಕುರ್ಚಿಯಲ್ಲಿ ಕೂತರು. ಮೇಲೆ ಕೋಟು, ತಲೆಗೆ ಕರೀ ಟೋಪಿ, ಹೊಟ್ಟೆಯಲ್ಲಿ ಆಗಷ್ಟೇ ಉಂಡ ಹೋಳಿಗೆ ಊಟ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಹಾಲಮ್ಮ ಮಗನನ್ನು ಪರದೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ತಿಪ್ಪೇಶಿ, ಇದೊಂದು ಸರಿಹೋದ್ರೆ ಸ್ಕೂಲಿನ ಸೆಟ್ಟುಗಳೆಲ್ಲ ನಮಗೇ ಬರ್ತವೆ. ಇದೂ ಕೆಟ್ಟರೆ ಅಂಗಡಿಗೆ ಬೀಗ. ನನ್ನ ಮಾತು ಕಿವಿ ಕೊಟ್ಟು ಕೇಳು. ದನಿ ಮಂಕಾಗಿದೆ ಅಂದ್ರೆ ಹೆಡ್ಡಿಗೆ ಕೊಳೆ ಹಿಡಿದಿದೆ ಅಂತ. ಹೆಡ್ಡನ್ನ ಸ್ಪಿರಿಟ್ ಹಾಕಿ ತೊಳಿ."

ಟೇಪು ಒಂದು ಸಣ್ಣ ಲೋಹದ ತುಂಡನ್ನು ಸವರಿಕೊಂಡು ಓಡುತ್ತದಲ್ಲ, ರಿಪೇರಿಯವರು ಅದಕ್ಕೆ ಹೆಡ್ಡು ಅನ್ನುತ್ತಾರೆ. ಹಾಲಮ್ಮ ಹೇಳಿದ್ದು ಅದನ್ನು. ತಿಪ್ಪೇಶಿ ತಿರುಗಿ ಕುರ್ಚಿಯ ಕಡೆ ನೋಡಿದ.

"ಹೆಡ್ಡನ್ನ ತೊಳೀಬಹುದಾ ಅವ್ವ?"

"ತೊಳೀಲೇಬೇಕು. ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು."

"ಮೇಲೆ ಕಪ್ಪಗೆ ಏನೋ ಇದೆಯಲ್ಲ."

"ಅದು ಮುಚ್ಚಳ. ತೆಗೆದು ಪಕ್ಕಕ್ಕಿಡು."

ತೆಗೆದು ಪಕ್ಕಕ್ಕಿಟ್ಟ.

"ಮುಂದುಗಡೆ ಗಾಜಿದೆ ಅವ್ವ."

"ಅದನ್ನೂ ತೆಗಿ, ಸ್ಪಿರಿಟ್ ತಾಗಿದ್ರೆ ಮಸಕಾಗುತ್ತೆ."

ಹೆಡ್‌ಮೇಷ್ಟ್ರ ಕನ್ನಡಕವನ್ನೂ ತೆಗೆದಿಟ್ಟ. ಸ್ಪಿರಿಟ್ ಬಾಟಲಿ ಬಿರಡೆ ಬಿಚ್ಚಿ, ಹತ್ತಿಗೆ ಹಾಕಿದರೆ ಇಷ್ಟು ದೊಡ್ಡ ಹೆಡ್ಡಿಗೆ ಸಾಲದು ಅಂತ, ಬೋಳು ತಲೆಯ ಮೇಲೆ ಧಾರೆಯಾಗಿ ಸುರಿದು ಎರಡು ಕೈಯಲ್ಲಿ ತಿಕ್ಕಿದ.

ಹೆಡ್‌ಮೇಷ್ಟ್ರು ಎಚ್ಚರಾದರು. ಸ್ಪಿರಿಟ್ ಕಣ್ಣಿಗೆ ಇಳಿದಿತ್ತು. "ಯಾರೋ ಅದು, ಅಯೋಗ್ಯ, ಅವಿವೇಕಿ, ಬಿಡೋ," ಅಂತ ಮೈಯೆಲ್ಲ ಕುಣಿಸಿ ಕೂಗಿದರು. ಸ್ಕೂಲಿನ ಮೈದಾನದ ಆ ತುದಿಗೆ ಕೇಳಿಸುತ್ತಿದ್ದ ದನಿ ಅದು.

ಒಳಗೆ ಮಂಚದ ಮೇಲೆ ಹಾಲಮ್ಮ ಎದ್ದು ಕೂತಳು. ಪಟ್ಟಿಯ ಕೆಳಗೆ ಮುಖ ಅರಳಿತು.

"ಬಂತಲ್ಲೋ ದನಿ. ಎಷ್ಟು ನಿಚ್ಚಳವಾಗಿ ಬಂತು. ಎದುರಿಗೇ ನಿಂತು ಮಾತಾಡಿದ ಹಾಗಿದೆ. ಬೀಳ್ಕೊಡುಗೆ ಭಾಷಣದಲ್ಲೂ ಬೈಗುಳ ಬಿಟ್ಟಿಲ್ಲ ನೋಡು ಮನುಷ್ಯ."

"ಕೆಂಪಗಾಗಿದೆ ಅವ್ವ. ಮುಟ್ಟಿದ್ರೆ ಬಿಸಿ."

"ಹಳೇ ಮೋಟರು, ಬಿಸಿ ಆಗುತ್ತೆ. ಬಿಸಿ ಆದ್ರೆ ಏನು ಮಾಡಬೇಕು ಅಂದಿದ್ದೆ?"

"ಬಿಚ್ಚಿ ಗಾಳಿಗೆ ಇಡಬೇಕು."

"ಮತ್ತೆ ಇಡು."

ತಿಪ್ಪೇಶಿ ಕೋಟು ಬಿಚ್ಚಿದ. ಶರ್ಟು ಬಿಚ್ಚಿದ, ಗುಂಡಿಗಳು ಉದುರಿದವು. ಕಣ್ಣು ಬಿಡಲಾಗದ ಹೆಡ್‌ಮೇಷ್ಟ್ರು ಗಾಳಿಗೆ ಗುದ್ದುತ್ತಿದ್ದರು. ಅವರನ್ನು ಕುರ್ಚಿ ಸಮೇತ ಎತ್ತಿ ತಂದು, ಗಾಳಿ ಚೆನ್ನಾಗಿ ಬೀಸುವ ನಡುಬೀದಿಯಲ್ಲಿ ಇಟ್ಟ. ಇಟ್ಟು, ಎದ್ದೇಳದ ಹಾಗೆ ಹೆಗಲ ಮೇಲೆ ಒಂದು ಕೈ ಇರಿಸಿಕೊಂಡು ಪಕ್ಕದಲ್ಲೇ ನಿಂತ. ತಣ್ಣಗಾಗೋ ತನಕ ಅಲ್ಲೇ ಬಿಡಬೇಕಲ್ಲ. ಅಂಗಡಿಯವರು ಹೊರಗೆ ಬಂದರು. ಬಸ್ಸಿಗೆ ಹೊರಟವರು ನಿಂತರು. ದನಿ ಮಾತ್ರ ಏರುತ್ತಲೇ ಇತ್ತು.

"ಸೌಂಡು ಜಾಸ್ತಿ ಆಯ್ತು ಕಣೋ, ಬೀದಿಯವರೆಲ್ಲ ಬರ್ತಾರೆ," ಅಂತ ಕೂಗಿದಳು ಹಾಲಮ್ಮ. "ಕಿವಿ ತಿರುಗಿಸಿ ಕಡಿಮೆ ಮಾಡು."

ರೇಡಿಯೋ ಟೇಪಿನಲ್ಲಿ ದನಿ ಏರಿಸಿ ಇಳಿಸುವ ಗುಬುಟಿಗೆ ಕಿವಿ ಅನ್ನುವುದು ನಮ್ಮ ಕಡೆ ವಾಡಿಕೆ. ತಿಪ್ಪೇಶಿ ಹೆಡ್‌ಮೇಷ್ಟ್ರ ಕಿವಿ ಹಿಡಿದು ತಿರುಗಿಸಿದ. ದನಿ ಹೆಚ್ಚಾಯಿತು.

"ಜಾಸ್ತಿ ಆಯ್ತಲ್ಲೋ, ಆ ಕಡೆಗಲ್ಲ, ಈ ಕಡೆಗೆ."

ಈ ಕಡೆಗೆ ತಿರುಗಿಸಿದ. ಇನ್ನೂ ಹೆಚ್ಚಾಯಿತು. ಇನ್ನೊಂದು ಕಿವಿಯನ್ನೂ ಹಿಡಿದ. ಬೀದಿಯಲ್ಲಿ ನಿಂತಿದ್ದ ಗಂಡಸರಲ್ಲಿ ಬಹಳ ಜನ ಆ ಹೆಡ್ಡಿನ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಓದಿದವರು. ಬಿಡಿಸೋಕೆ ಅಂತ ಒಂದು ಹೆಜ್ಜೆ ಮುಂದೆ ಬಂದವರೂ ಯಾಕೋ ಅಲ್ಲೇ ನಿಂತರು.

"ನಿನ್ನ ಕೈಲಾಗಲ್ಲ ಬಿಡು, ನಾನೇ ಬರ್ತೀನಿ," ಅಂದು ಹಾಲಮ್ಮ ಗೋಡೆ ಹಿಡಿದುಕೊಂಡು, ಪರದೆ ಸರಿಸಿ, ಮೇಜು ದಾಟಿ, ಹೊಸ್ತಿಲಿಳಿದು ದನಿ ಬರುವ ಕಡೆ ನಡೆದಳು. ಅವಳ ಮುಖದಲ್ಲಿ ಅವತ್ತು ಹೆಮ್ಮೆ ಇತ್ತು. ಮಗ ಒಂದು ಸೆಟ್ಟು ಮಾತಾಡಿಸಿದ್ದ. ಕೈ ಚಾಚಿ ಮೆಲ್ಲಗೆ ಮುಟ್ಟಿದಳು. ನುಣ್ಣಗೆ, ಒದ್ದೆಯಾಗಿ, ಬಿಸಿಯಾಗಿ ಇತ್ತು. ಗುಬುಟು ಹುಡುಕುತ್ತ ಕೈಯನ್ನು ಕೆಳಗೆ ಇಳಿಸಿದಳು. ನಿಲ್ಲಿಸಿದಳು.

"ತಿಪ್ಪೇಶಿ, ಇದಕ್ಕೆ ಮೂಗಿದೆ."

"ಹೆಡ್ಡಿಗೆ ಮೂಗು ಇರಲ್ವಾ ಅವ್ವ?" ಅಂದ ತಿಪ್ಪೇಶಿ.

ಬೀದಿಯವರು ನಕ್ಕಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ಹಾಲಮ್ಮ ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೈಯಲಿಲ್ಲ. ಬೈದರೆ ಅದರ ಜತೆ ಒಂದು ಬುದ್ಧಿಮಾತು ಹೇಳಬೇಕಾಗುತ್ತದೆ, ಅದನ್ನು ಇವನು ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ ಅನ್ನುವ ಭಯ ಅವಳಿಗೆ ಹಿಡಿದಿತ್ತು.

"ಹೋಗು, ಅಂಗಡಿ ಬಾಗಿಲು ಹಾಕು," ಅಂದಳು ಸಣ್ಣ ದನಿಯಲ್ಲಿ. "ಸಾಕು. ಇನ್ನು ಯಾರು ಬಂದು ಎಷ್ಟು ಕೂಗಿದ್ರೂ ತೆಗೀಬೇಡ."

"ಆಯ್ತವ್ವ."

ತಿಪ್ಪೇಶಿ ಒಳಗೆ ಹೋದ, ಬಾಗಿಲು ಎಳೆದುಕೊಂಡ, ಮೇಲಿನ ಚಿಲಕ ಹಾಕಿದ, ಕೆಳಗಿನ ಚಿಲಕ ಹಾಕಿದ, ಅಗುಳಿಯನ್ನೂ ಜಡಿದ.

ಹೆಡ್‌ಮೇಷ್ಟ್ರು ಬನಿಯನ್ನಿನಲ್ಲಿ ಮೆಟ್ಟಿಲ ಹತ್ತಿರ ತಡವರಿಸಿಕೊಂಡು ಬಂದು ಕೂತರು. ಅವರ ಶರ್ಟು, ಕೋಟು, ಟೋಪಿ, ಕನ್ನಡಕ, ಭಾಷಣ ಎಲ್ಲ ಒಳಗೆ. ಕಣ್ಣು ಉಜ್ಜಿಕೊಳ್ಳುತ್ತ ಕೇಳಿದರು:

"ಯಾರು ಹಾಲಮ್ಮ ಈ ಪ್ರಾಣಿಗೆ ವಿದ್ಯೆ ಕಲಿಸಿದ್ದು?"

"ನಿಮ್ಮ ಸ್ಕೂಲಲ್ಲೇ ಸಾರ್, ಏಳನೇ ಕ್ಲಾಸು ಪಾಸಾಗಿದ್ದು. ಹೇಳಿದ ಮಾತು ಕೇಳ್ತಾನೆ ಅಂತ ನೀವೇ ಬೆನ್ನು ತಟ್ಟಿದ್ರಿ."

ಹೆಡ್‌ಮೇಷ್ಟ್ರು ಕಣ್ಣುಜ್ಜುವುದು ಬಿಟ್ಟು ಮೊಣಕಾಲು ತಬ್ಬಿಕೊಂಡು ಕೂತರು. ಬಿಸಿಲು ಇಳಿಯಿತು, ಗಾಳಿ ತಣ್ಣಗಾಯಿತು. ಹಾಲಮ್ಮ ಬಾಗಿಲು ತಡವಿ ತಟ್ಟಿದಳು.

"ತಿಪ್ಪೇಶಿ, ಬಾಗಿಲು ತೆಗಿಯಪ್ಪ. ಸಾರ್‌ಗೆ ಚಳಿ ಆಗ್ತಿದೆ."

"ಯಾರು ಕೂಗಿದ್ರೂ ತೆಗೀಬೇಡ ಅಂದಿದ್ದಾಳೆ ನಮ್ಮವ್ವ."

"ನಾನೇ ಕಣೋ ನಿಮ್ಮವ್ವ."

ತಿಪ್ಪೇಶಿ ಎಲ್ಲ ಕಡೆಯಿಂದಲೂ ಯೋಚನೆ ಮಾಡಿದ.

"ಇರಬಹುದು," ಅಂದ ಕೊನೆಗೆ. "ಆದ್ರೆ ಎಷ್ಟು ಕೂಗಿದ್ರೂ ತೆಗೀಬೇಡ ಅಂದವಳೂ ಅವಳೇ." ಅಂದು, ಅಗುಳಿ ಭದ್ರವಾಗಿದೆಯಾ ಅಂತ ಇನ್ನೊಮ್ಮೆ ಮುಟ್ಟಿ ನೋಡಿ, ಒಳಗೆ ಹೋಗಿ ಅವ್ವನ ಮಂಚದ ಮೇಲೆ ಮಲಗಿ ನಿದ್ದೆ ಹೋದ.